ಇಬ್ಬನಿ ಮೇವು ಬಿಟ್ಟ ಮೂರನೆಯ ದಿನ

“ಇನ್ನೊಂದು ‘ಇಲ್ಲ’ ಬಿದ್ರೆ ಮುಗೀತು ಸರ್,” ಎಂದಳು ಶಿಬಿರದ ಡಾಕ್ಟರಮ್ಮ. “ಕುದುರೆ ವಾಪಸ್ ಲಾಯಕ್ಕೆ. ಮೇವಕ್ಕನ ಬಿಲ್ಲೆ ನನ್ನ ಪೆಟ್ಟಿಗೆಗೆ.”

ಅವಳ ಕೈಯಲ್ಲಿದ್ದ ತಪಾಸಣೆಯ ಕಾರ್ಡನ್ನು ನಾನು ಕನ್ನಡಕ ಏರಿಸಿಕೊಂಡು ನೋಡಿದೆ. ನಾಡಿ, ಉಸಿರು, ವಸಡಿನ ಬಣ್ಣ, ಕರುಳಿನ ಸದ್ದು, ನಡಿಗೆ. ಕೊನೆಯ ಸಾಲು ಮೇವು. ನಿನ್ನೆ ಸಂಜೆ: ಇಲ್ಲ. ಈ ದಿನ ಬೆಳಗ್ಗೆ: ಇಲ್ಲ. ಅದರ ಪಕ್ಕದ ಚೌಕ ಇನ್ನೂ ಖಾಲಿ ಇತ್ತು. ಐದು ದಿನದ ದೂರಸವಾರಿಯಲ್ಲಿ ಮೂರು ಸಲ ಸತತವಾಗಿ ‘ಇಲ್ಲ’ ಎಂದು ಬರೆಸಿಕೊಂಡ ಕುದುರೆ ಮುಂದೆ ಹೋಗುವಂತಿಲ್ಲ.

“ಎಷ್ಟು ಹೊತ್ತಿದೆ?”

“ಮಧ್ಯಾಹ್ನದ ವಿಶ್ರಾಂತಿ ಎರಡು ಗಂಟೆ. ಹತ್ತು ನಿಮಿಷ ಆಗ್ಲೇ ಹೋಯ್ತು.”

ಇಬ್ಬನಿ ಸುತ್ತ ಹಗ್ಗ ಕಟ್ಟಿದ ಅಂಗಳದಲ್ಲಿ ನಿಂತಿದ್ದಳು. ಬೂದು ಬಣ್ಣದ ಹೆಣ್ಣು ಕುದುರೆ. ಬೆವರು ಒಣಗಿ ಹೊಟ್ಟೆಯ ಪಕ್ಕಕ್ಕೆ ಉಪ್ಪಿನ ಗೆರೆಗಳು ಮೂಡಿದ್ದವು. ಅವಳ ಮುಂದೆ, ಇನ್ನೂ ಒಳಗೆ ಸರಿಸದೆ ಹಗ್ಗದಾಚೆಯೇ ಇಟ್ಟಿದ್ದ, ಬೂಸಾ, ಓಟ್ಸು, ಕ್ಯಾರೆಟ್ಟಿನ ಚೂರು ಎಲ್ಲ ನೆನೆಸಿ ಕಲಸಿದ ಮೇವಿನ ಟಬ್ಬು ತುಂಬಿ ತುಳುಕುತ್ತಿತ್ತು. ಅವಳು ಅದರ ಕಡೆ ನೋಡಲೂ ಇಲ್ಲ.

“ಹೊತ್ತುಹೊತ್ತಿಗೆ ಹಾಕಿದ್ರೆ ತಾನೇ ತಿನ್ನೋ ಅಭ್ಯಾಸ ಇರೋದು?” ಎಂದ ಭಾವ, ನನಗೆ ಕೇಳಿಸಲೆಂದೇ. “ಕಳೆದ ವರ್ಷ ಈ ಮೇವಕ್ಕ ಕಾಡಿಗೇನ ಸಾಯಿಸಿದ್ಲು. ಈ ವರ್ಷ ಇಬ್ಬನಿ ಸರದಿ.”

ಭಾವ ಎಂದರೆ ಲಾಯದ ಮ್ಯಾನೇಜರು. ಯಜಮಾನರ ಹೆಂಡತಿಯ ತಮ್ಮ. ಯಜಮಾನರಿಗೆ ಭಾವಮೈದುನ, ಹಾಗಾಗಿ ಲಾಯದ ಕೆಲಸದವರಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರಿಗೂ ಭಾವ.

ಇಬ್ಬನಿಯ ಮೇವು, ಆರೈಕೆ ನೋಡಿಕೊಳ್ಳುವ ಮೇವಕ್ಕ ಕುದುರೆಯ ಬೆನ್ನು ಒರೆಸುತ್ತಲೇ ಇದ್ದಳು. ಅವಳ ಕೊರಳಿನ ಹಳದಿ ಬಿಲ್ಲೆ ಗಾಳಿಗೆ ತಿರುಗಾಡುತ್ತಿತ್ತು. ಆ ಬಿಲ್ಲೆ ಇಲ್ಲದವರು ಯಾವ ಸವಾರಿಯಲ್ಲೂ, ಯಾವ ಲಾಯದಲ್ಲೂ ಕುದುರೆಯ ಮೈ ಮುಟ್ಟುವಂತಿಲ್ಲ. ಅವಳಿಗೆ ಬೇರೆ ಕೆಲಸ ಬಾರದು, ಬೇಕಾಗಿಯೂ ಇಲ್ಲ.

ಕಳೆದ ವರ್ಷ ಇದೇ ಸವಾರಿಯ ನಾಲ್ಕನೆಯ ದಿನ ಕಾಡಿಗೆ ಎಂಬ ಕುದುರೆ ಇಳಿಜಾರಿನಲ್ಲಿ ಮುಗ್ಗರಿಸಿ ಬಿದ್ದು ಸತ್ತಿತ್ತು. ಸರಿಯಾಗಿ ಮೇವು ಹಾಕಲಿಲ್ಲವೆಂದು ಮೇವಕ್ಕನಿಗೆ ಎಚ್ಚರಿಕೆಯ ಪತ್ರ ಹೋಯಿತು. ವಿಚಾರಣೆಗೆ ಕೂತು ಆ ಪತ್ರಕ್ಕೆ ಸಹಿ ಹಾಕಿದ ಮೂವರಲ್ಲಿ, ಕುದುರೆ ಡಾಕ್ಟರಾಗಿದ್ದ ನಾನೂ ಒಬ್ಬ. ಎರಡನೆಯ ಸಲ ದೂರು ಬಂದರೆ ಪತ್ರ ಇಲ್ಲ, ನೇರ ಬಿಲ್ಲೆಯೇ ಹೋಗುತ್ತದೆ.

ಆ ಸಹಿ ಒಂದು ವರ್ಷದಿಂದ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಅದನ್ನು ಕೀಳಲೆಂದೇ ಈ ವಯಸ್ಸಿನಲ್ಲಿ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಈ ಶಿಬಿರದ ಧೂಳು ಕುಡಿಯಲು ಬಂದಿದ್ದೆ.

“ಎರಡು ಗಂಟೆ ನನಗೆ ಕೊಡಮ್ಮ,” ಎಂದೆ ಡಾಕ್ಟರಮ್ಮನಿಗೆ. ಅವಳು ನನ್ನ ಕೈಕೆಳಗೆ ಕಲಿತವಳು. ಇಲ್ಲವೆನ್ನಲಾರದೆ ತಲೆಯಾಡಿಸಿದಳು.

“ಓಡಿಸಿ ತೋರ್ಸು ಮೊದ್ಲು,” ಎಂದಳು ಮೇವಕ್ಕನಿಗೆ.

ಮೇವಕ್ಕ ಇಬ್ಬನಿಯನ್ನು ಹಗ್ಗ ಹಿಡಿದು ಐವತ್ತು ಹೆಜ್ಜೆ ಓಡಿಸಿದಳು. ಮುಂದಿನ ಎಡಗಾಲು ಕೂದಲೆಳೆಯಷ್ಟು ಮೊಟಕಾಗಿ ಬೀಳುತ್ತಿತ್ತು. ಕುಂಟು ಎನ್ನುವಂತಿಲ್ಲ, ಇಲ್ಲವೆನ್ನುವಂತೆಯೂ ಇಲ್ಲ.

“ಹೊಟ್ಟೆಗಿಲ್ಲದೆ ಕಾಲೂ ಸೋತಿದೆ,” ಎಂದಳು ಡಾಕ್ಟರಮ್ಮ ಬರೆದುಕೊಳ್ಳುತ್ತ.

ನನಗೂ ಹಾಗೇ ಅನ್ನಿಸಿತು.

*

ಮೇವಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

ದಿನವಿಡೀ ಓಡಿದ ಕುದುರೆಗೆ ಹಸಿವಾಗಬೇಕು ಎಂದು ನಾವು ತಿಳಿಯುತ್ತೇವೆ. ಆಗುವುದಿಲ್ಲ. ದಣಿವು ಹಸಿವನ್ನು ನುಂಗುತ್ತದೆ. ಹೊಸ ಜಾಗ, ಹೊಸ ನೀರು, ಪಕ್ಕದಲ್ಲಿ ಹೊಸ ಕುದುರೆಗಳ ಕೆನೆತ. ಎರಡನೆಯ ದಿನಕ್ಕೆ ಮೂತಿ ತಿರುಗಿಸುತ್ತದೆ, ಮೂರನೆಯ ದಿನಕ್ಕೆ ಕರುಳು ನಿಲ್ಲುತ್ತದೆ. ಕರುಳು ನಿಂತ ಕುದುರೆ ಬದುಕುವುದು ದೇವರ ದಯೆ.

ಇದನ್ನೆಲ್ಲ ಪುಸ್ತಕ ಓದಿ ಕಲಿತವನು ನಾನು. ಮೇವಕ್ಕ ಕಲಿತದ್ದು ಕುದುರೆಗಳ ಮೂತಿ ನೋಡಿ.

ಸವಾರಿಗೆ ಒಂದು ವಾರ ಮೊದಲೇ ಲಾಯದ ನೀರಿಗೆ ಚಿಟಿಕೆ ಉಪ್ಪು, ಒಂದು ಹಿಡಿ ಬೂಸಾ ಹಾಕಿ ಆ ರುಚಿಯನ್ನು ಅಭ್ಯಾಸ ಮಾಡಿಸುತ್ತಾಳೆ. ದಾರಿಯ ನೀರು ಎಲ್ಲಿಯದೇ ಆಗಲಿ, ಅದೇ ಚಿಟಿಕೆ, ಅದೇ ಹಿಡಿ. ಕುದುರೆಗೆ ಮನೆಯ ನೀರೇ. ನೀರು ಕುಡಿದ ಕುದುರೆ ಮೇವಿಗೆ ಬಾಯಿ ಹಾಕುತ್ತದೆ. ಒಣಹುಲ್ಲನ್ನು ಲಾಯದಿಂದಲೇ ಮೂಟೆ ಕಟ್ಟಿ ತರುತ್ತಾಳೆ. ಒಂದೇ ಗುಡ್ಡೆ ಹಾಕದೆ ಅಂಗಳದ ನಾಲ್ಕು ಮೂಲೆಯಲ್ಲಿ ನಾಲ್ಕು ಬಗೆಯ ಮೇವನ್ನು ಚೂರುಚೂರೇ ಇಡುತ್ತಾಳೆ: ಇಲ್ಲಿ ಹುಲ್ಲು, ಅಲ್ಲಿ ಒಣಗಿಸಿದ ಕುದುರೆಮಸಾಲೆ ಸೊಪ್ಪು, ಆಚೆ ನಾಲ್ಕು ಕ್ಯಾರೆಟ್ಟು. ಕುದುರೆ ತಾನೇ ಹುಡುಕಿ ತಿಂದೆನೆಂದು ಬೀಗುತ್ತ ತಿನ್ನುತ್ತದೆ.

“ಮಕ್ಕಳಿಗೆ ಚಂದಮಾಮ ತೋರಿಸ್ತೀವಲ್ಲ ಅಜ್ಜಾ, ಹಾಗೇ,” ಎಂದು ಒಮ್ಮೆ ನಕ್ಕಿದ್ದಳು.

ಇಂಥವಳು ಕುದುರೆಯನ್ನು ಉಪವಾಸ ಕೆಡವಿದಳಂತೆ! ಹೇಳುವವರಿಗೆ ನಾಚಿಕೆ ಬೇಡವೇ? ನೆರಳಿನಲ್ಲಿ ಮಡಚು ಕುರ್ಚಿ ಹಾಕಿಕೊಂಡು, ಹೊಟ್ಟೆ ತುಂಬ ಉಂಡು, ಹಲ್ಲುಕಡ್ಡಿ ಕಚ್ಚಿಕೊಂಡು, ಮೂರು ದಿನದಿಂದ ನಿಂತೇ ಇರುವ ಹೆಣ್ಣುಮಗಳ ಮೇಲೆ ತೀರ್ಪು ಕೊಡುವುದೆಂದರೆ ಏನು?

ಕೋಪವನ್ನು ನುಂಗಿಕೊಂಡು ನಾನು ಅಂಗಳದ ಮೂಲೆಗೆ ಹೋದೆ. ಅಲ್ಲಿ ಇಬ್ಬನಿಯ ಲದ್ದಿ ಬಿದ್ದಿತ್ತು. ಕುಕ್ಕರುಗಾಲಲ್ಲಿ ಕೂತು ಒಂದು ಉಂಡೆಯನ್ನು ಒಡೆದು ನೋಡಿದೆ.

“ಡಾಕ್ಟ್ರಜ್ಜಂಗೆ ಊಟ ಸಿಕ್ತು!” ಎಂದು ಭಾವ ಹಿಂದಿನಿಂದ ಕೂಗಿದ. ಯಾರೋ ಇಬ್ಬರು ನಕ್ಕರು.

ನಗಲಿ. ಒಂದು ದಿನದಿಂದ ತಿನ್ನದ ಕುದುರೆಯ ಲದ್ದಿ ಗಟ್ಟಿಯಾಗಿ, ಚಿಕ್ಕದಾಗಿ, ಲೋಳೆ ಕಟ್ಟಿಕೊಂಡಿರಬೇಕು. ಇದು ಹದವಾಗಿ ತೇವವಾಗಿತ್ತು. ಒಳಗೆ ಹಸಿರು ನಾರು.

ಹಸಿರು! ಶಿಬಿರದಲ್ಲಿ ಇದ್ದದ್ದೆಲ್ಲ ಒಣಹುಲ್ಲು, ಒಣಸೊಪ್ಪು.

*

ಗುಬ್ಬಿ ಮಗುಚಿದ ಪೆಟ್ಟಿಗೆಯ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದಳು. ಯಜಮಾನರ ಮಗಳು, ಇಬ್ಬನಿಯ ಸವಾರಳು. ಮೈಯಲ್ಲಿ ತೂಕವಿಲ್ಲದ್ದಕ್ಕೆ ಆ ಅಡ್ಡಹೆಸರು. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ದಾರೀಲಿ ಇವಳು ಮೇಯ್ತಾಳಾ ಮಗು?”

“ಮೇಯ್ತಾಳೆ ಅಜ್ಜಾ! ಚೆನ್ನಾಗೇ ಮೇಯ್ತಾಳೆ. ಎಲ್ಲಿ ಹುಲ್ಲು ಕಂಡ್ರೂ ಇಳಿದು ಹತ್ತು ನಿಮಿಷ ಮೇಯಿಸು ಅಂತ ಮೇವಕ್ಕಾನೇ ಹೇಳಿದ್ದು. ಹೊಳೆ ಪಕ್ಕದಲ್ಲಂತೂ ಇವತ್ತು ತಲೇನೇ ಎತ್ತಲಿಲ್ಲ.”

“ಮತ್ತೆ ಯಾರಿಗೂ ಹೇಳಲಿಲ್ಲವೇ?”

“ಮಾವಂಗೆ ಹೇಳ್ದೆ. ಟಬ್ಬು ಖಾಲಿಯಾಗದೆ ದಾರಿ ಹುಲ್ಲಿನ ಮಾತು ಯಾಕೆ, ಹುಲ್ಲಲ್ಲಿ ನೀರು ಬಿಟ್ರೆ ಏನಿದೆ ಅಂದ್ರು. ಬೈದ್ರು ಕೂಡ. ಇನ್ಮೇಲೆ ನಿಲ್ಲಿಸ್ಬೇಡ ಅಂದ್ರು.”

“ಮೇವಕ್ಕನ ಬಿಲ್ಲೆ ಕಿತ್ಕೊಳ್ತಾರಾ ಅಜ್ಜಾ?” ಎಂದಳು ಆಮೇಲೆ, ಚಿಕ್ಕ ದನಿಯಲ್ಲಿ. “ನಂಗೆ ಕುದುರೆ ಹತ್ತೋಕೆ ಕಲಿಸಿದ್ದೇ ಅವಳು.”

“ದೇವರಿದ್ದಾನೆ, ಅಳಬೇಡ,” ಎಂದೆ.

ದಾರಿಯಲ್ಲಿ ತಿನ್ನುತ್ತಾಳೆ. ಶಿಬಿರದಲ್ಲಿ ತಿನ್ನುವುದಿಲ್ಲ. ಹಾಗಾದರೆ ಶಿಬಿರದಲ್ಲಿ ಅವಳಿಗೆ ಏನೋ ಆಗುತ್ತಿದೆ.

ಮೂಟೆಯಿಂದ ಒಂದು ಹಿಡಿ ಒಣಹುಲ್ಲು ಎಳೆದು ಇಬ್ಬನಿಯ ಮೂತಿಗೆ ಹಿಡಿದೆ. ಅವಳು ತುಟಿ ಚಾಚಿ ಎಳೆದುಕೊಂಡು ಅಗಿದಳು. ದವಡೆಯ ಲಯ ಸರಿಯಾಗಿತ್ತು. ಉಗುಳಲಿಲ್ಲ, ತಲೆ ಓರೆ ಮಾಡಲಿಲ್ಲ. ಹಲ್ಲುನೋವಲ್ಲ, ಬಾಯಿಹುಣ್ಣಲ್ಲ. ಇನ್ನೊಂದು ಹಿಡಿ ಕೊಟ್ಟೆ. ಅದನ್ನೂ ತಿಂದಳು.

ಅಷ್ಟರಲ್ಲಿ ಮೇವಕ್ಕ ಬಕೆಟ್ಟು, ಸ್ಪಂಜು ಹಿಡಿದು ಬಂದಳು. ಮೇವಿಡುವ ಮೊದಲು ಕುದುರೆಯ ಮುಖ ತೊಳೆಯುವುದು ಅವಳ ಪದ್ಧತಿ. ಕಣ್ಣಿನ ಮೂಲೆ, ಮೂಗಿನ ಹೊಳ್ಳೆ, ಆಮೇಲೆ ತುಟಿ, ಕಡಿವಾಣ ಉಜ್ಜಿದ ಬಾಯಿಯ ಕೊನೆ. ತಾಯಿ ಮಗುವಿನ ಮುಖ ಒರೆಸುವ ಹಾಗೆ ಒರೆಸಿದಳು.

ಇಬ್ಬನಿ ಮೇಲ್ದುಟಿಯನ್ನು ಮೂಗಿನವರೆಗೆ ಮಡಚಿ ಹಲ್ಲು ತೋರಿಸಿದಳು.

ನಾನು ಅದೇ ಮೂಟೆಯ ಅದೇ ಹುಲ್ಲನ್ನು ಚಾಚಿದೆ. ಇಬ್ಬನಿ ಮುಖ ತಿರುಗಿಸಿದಳು. ಕ್ಯಾರೆಟ್ಟು ಹಿಡಿದೆ. ಬಾಯಿಗೆ ತೆಗೆದುಕೊಂಡು, ನನ್ನ ಚಪ್ಪಲಿಯ ಮೇಲೆ ಉದುರಿಸಿದಳು.

“ಆ ಸ್ಪಂಜು ಕೊಡು.”

“ಅಜ್ಜಾ, ಅದು ಬೇಡ,” ಎಂದಳು ಮೇವಕ್ಕ. ಅವಳ ಮುಖ ಸುಣ್ಣವಾಗಿತ್ತು. “ಕೊಳೆ ಇದೆ ಅದರಲ್ಲಿ.”

ನಾನು ಅವಳ ಕೈಯಿಂದ ಸ್ಪಂಜನ್ನು ಎಳೆದುಕೊಂಡು ಹಿಂಡಿ, ಬೆರಳನ್ನು ನಾಲಗೆಗೆ ತಾಗಿಸಿದೆ.

ನಲವತ್ತು ವರ್ಷ ಕುದುರೆಗಳ ಗಂಟಲಿಗೆ ಔಷಧಿ ಹೊಯ್ದವನು ನಾನು. ಅವೆಲ್ಲದರ ಶಾಪ ಒಟ್ಟಿಗೆ ತಟ್ಟಿದ ಹಾಗಾಯಿತು. ಕಹಿ ಎಂದರೆ ಅಂಥ ಕಹಿ. ಕಿವಿಯವರೆಗೆ ಹತ್ತಿತು. ಉಗುಳಿದೆ, ಬಾಯಿ ಮುಕ್ಕಳಿಸಿದೆ, ಮತ್ತೆ ಉಗುಳಿದೆ. ಹೋಗಲಿಲ್ಲ.

ಆ ಕಹಿ ನನಗೆ ಗುರುತಿದೆ. ಎಲ್ಲ ಲಾಯಗಳಲ್ಲೂ ಅದರ ಡಬ್ಬಿ ಇರುತ್ತದೆ. ಬೇಸರಕ್ಕೆ ಮರದ ಕಂಬ, ಬಾಗಿಲು ಕಡಿಯುವ ಕುದುರೆಗಳಿಗೆ ಆ ಚಟ ಬಿಡಿಸಲು ಕಂಬಕ್ಕೆ ಹಚ್ಚುವ ಲೇಪ. ವಿಷವಲ್ಲ. ಆದರೆ ತುಟಿಗೆ ಹತ್ತಿದರೆ ಒಂದು ಗಂಟೆ ಯಾವ ಕುದುರೆಯೂ ಯಾವುದಕ್ಕೂ ಬಾಯಿ ಹಾಕುವುದಿಲ್ಲ.

ಯಾರೋ ಅದನ್ನು ಮೇವಕ್ಕನ ಸ್ಪಂಜಿಗೆ ತಿಕ್ಕಿದ್ದರು. ಅವಳು ಪ್ರೀತಿಯಿಂದ ಮುಖ ತೊಳೆದಷ್ಟೂ ಕುದುರೆ ಮೇವಿನಿಂದ ದೂರವಾಗುತ್ತಿತ್ತು. ಅವಳ ಕೈಯಿಂದಲೇ ಅವಳ ಅನ್ನ ಕಿತ್ತುಕೊಳ್ಳುವ ಉಪಾಯ!

ಕಂಬಕ್ಕೆ ಹಚ್ಚುವ ಕಹಿಯನ್ನು ಮಾತು ಬಾರದ ಪ್ರಾಣಿಯ ಬಾಯಿಗೆ ಹಚ್ಚುವವನು ಮನುಷ್ಯನೇ?

“ರಾತ್ರಿ ಇದನ್ನು ಎಲ್ಲಿ ನೇತು ಹಾಕ್ತೀಯ?”

ಮೇವಕ್ಕ ಉತ್ತರ ಕೊಡಲು ಬಾಯಿ ತೆರೆದಳು. ಅವಳ ದೃಷ್ಟಿ ನನ್ನ ಹೆಗಲಾಚೆ ಹೋಯಿತು. ಅಲ್ಲಿ ಭಾವ ವ್ಯಾನಿನ ಹಿಂಬಾಗಿಲಿಗೆ ಒರಗಿ ನಮ್ಮನ್ನೇ ನೋಡುತ್ತಿದ್ದ. ಅವಳು ಬಾಯಿ ಮುಚ್ಚಿಕೊಂಡಳು.

ನನಗೆ ಅಷ್ಟು ಸಾಕಾಗಿತ್ತು.

*

ಭಾವನ ವ್ಯಾನು ಅಂಗಳದ ಪಕ್ಕದಲ್ಲೇ ನಿಂತಿತ್ತು. ಲಾಯದ ಕುದುರೆಗಳಿಗೆಲ್ಲ ಮೇವು ನೆನೆಸಿ ಕಲಸುವುದು ಅದರೊಳಗೆ. ಹೊರಗೆ ಕನ್ನಡಿಯ ಕಂಬಿಯಿಂದ ಕಟ್ಟಿದ ಹಗ್ಗದ ಮೇಲೆ ಬಟ್ಟೆ, ಸ್ಪಂಜುಗಳು ಒಣಗುತ್ತಿದ್ದವು. ಬಾಗಿಲಿನ ಜೇಬಿನಲ್ಲಿ, ಟಾರ್ಚು ಮತ್ತು ಗ್ಲಾಸುಗಳ ನಡುವೆ, ಕಹಿ ಲೇಪದ ಡಬ್ಬಿ. ಮುಚ್ಚಳ ಓರೆಯಾಗಿ ಕೂತಿತ್ತು.

ಡಬ್ಬಿ ಎತ್ತಿ ಅವನ ಮುಖಕ್ಕೆ ಹಿಡಿದೆ.

“ಇದೇನು?”

“ಕಾಣಲ್ವಾ? ಕಂಬಕ್ಕೆ ಹಚ್ಚೋದು.”

“ಇಲ್ಲಿ ಕಂಬ ಎಲ್ಲಿದೆ ಭಾವ? ಅಂಗಳಕ್ಕೆ ಹಗ್ಗ ಕಟ್ಟಿದ್ದೀರಿ. ಮೂರು ದಿನದಿಂದ ನಾನು ಒಂದು ಮರದ ಕಂಬ ನೋಡಿಲ್ಲ.”

“ವ್ಯಾನಲ್ಲಿ ನೂರು ಸಾಮಾನು ಇರುತ್ತೆ. ಅದೂ ಒಂದು. ಏನೀಗ?”

“ಕುದುರೆಯ ತುಟಿಗೆ ಹಚ್ಚಿಸುತ್ತೀರಾ? ಅದೂ ಬೇರೆಯವರ ಕೈಯಿಂದ? ಆ ಹೆಣ್ಣುಮಗಳು ನಿಮಗೆ ಏನು ಕೆಡುಕು ಮಾಡಿದ್ದಾಳೆ? ಕಾಡಿಗೆ ಸತ್ತಾಗ ತನ್ನ ತಪ್ಪಲ್ಲ ಎಂದು ಅವಳು ವಾದಿಸಿದಳು, ಅದಕ್ಕೇನಾ? ಬಿಲ್ಲೆ ಹೋದರೆ ಅವಳ ಮಾತಿಗೆ ಬೆಲೆಯೇ ಇರುವುದಿಲ್ಲ ಅಂತ ಲೆಕ್ಕ ಹಾಕಿದಿರಾ?”

ಸುತ್ತಲಿನವರು ಕೈಕೆಲಸ ಬಿಟ್ಟು ತಿರುಗಿದರು. ಡಾಕ್ಟರಮ್ಮ ಓಡಿ ಬಂದಳು.

“ಅಜ್ಜಾ, ವಯಸ್ಸಿಗೆ ಮರ್ಯಾದೆ ಕೊಡ್ತಿದ್ದೀನಿ,” ಎಂದ ಭಾವ, ಕುತ್ತಿಗೆಯ ನರ ಉಬ್ಬಿಸಿ. “ನನ್ನ ಅಕ್ಕನ ಮಗಳು ಕೂರೋ ಕುದುರೆ ಅದು. ಅದು ಗೆಲ್ಲಲಿ ಅಂತ ಮೂರು ದಿನದಿಂದ ಸಾಯ್ತಿರೋನು ನಾನು. ಅದರ ಬಾಯಿಗೆ ಕಹಿ ಹಾಕೋಕೆ ನಂಗೇನು ಹುಚ್ಚಾ? ಯಾವ ತುಟಿ? ಯಾವ ಕಹಿ?”

ಸ್ಪಂಜನ್ನು ಅವನ ಅಂಗೈಗೆ ಒತ್ತಿದೆ.

“ನೆಕ್ಕಿ ನೋಡಿ.”

ಅವನು ನೆಕ್ಕಿದ. ಮುಖ ಮುದುಡಿ ಹೋಯಿತು; ಪಕ್ಕಕ್ಕೆ ತಿರುಗಿ ಉಗುಳಿದ. ಮೀಸೆ ಒರೆಸಿಕೊಂಡು ಸ್ಪಂಜನ್ನು ನೋಡಿದ, ಇಬ್ಬನಿಯ ಕಡೆ ನೋಡಿದ. ಹೆದರುತ್ತಾನೆ, ಇಲ್ಲವೇ ಹಾರಾಡುತ್ತಾನೆ ಎಂದು ನಾನು ಕಾಯುತ್ತಿದ್ದೆ.

ಅವನು ಎರಡನ್ನೂ ಮಾಡಲಿಲ್ಲ. ಜೋರಾಗಿ ನಕ್ಕುಬಿಟ್ಟ.

“ಇಷ್ಟೇನಾ? ಹಾಗಾದ್ರೆ ಕುದುರೆಗೆ ಹುಷಾರಿಲ್ಲ ಅಂತಲ್ಲ! ಬಾಯಿ ತೊಳೆದ್ರೆ ತಿನ್ನುತ್ತೆ ಅಂತಾಯ್ತಲ್ಲ! ಅಜ್ಜಾ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು!”

ಸಿಕ್ಕಿಬಿದ್ದವನು ಜಾರಿಕೊಳ್ಳಲು ನಗುತ್ತಿದ್ದಾನೆ ಎಂದುಕೊಂಡೆ. ಆ ನಗು ಕಂಡು ಮೈಯೆಲ್ಲ ಉರಿಯಿತು.

“ಯಾರು ಹಚ್ಚಿದ್ದು ಅನ್ನೋದನ್ನ ಸಂಜೆ ವಿಚಾರಣೆ ಮಾಡೋಣ,” ಎಂದಳು ಡಾಕ್ಟರಮ್ಮ ನಡುವೆ ನಿಂತು. “ಈಗ ಕುದುರೆ ನೋಡೋಣ. ಇನ್ನೂ ಒಂದೂವರೆ ಗಂಟೆ ಇದೆ.”

“ನಾನೇ ಹೊಸದಾಗಿ ಕಲಸಿ ತರ್ತೀನಿ,” ಎಂದ ಭಾವ. ಆಗಲೇ ವ್ಯಾನು ಹತ್ತಿದ್ದ. “ನಿನ್ನೆಯಿಂದ ತಪ್ಪಿದ್ದೆಲ್ಲ ಸೇರಿ ಎರಡು ಪಾಲು!”

*

ಇಬ್ಬನಿಯ ಬಾಯಿಯನ್ನು ನಾನೇ ತೊಳೆದೆ. ಹೊಸ ಬಟ್ಟೆ, ಶುದ್ಧ ನೀರು, ನಾಲ್ಕು ಸಲ. ನಾಲಗೆ ಹೊರಗೆಳೆದು ಅದನ್ನೂ ಒರೆಸಿದೆ. ಕಾಲು ಗಂಟೆ ಬಿಟ್ಟು ಕ್ಯಾರೆಟ್ಟಿನ ಚೂರು ಹಿಡಿದೆ. ಮೂಸಿದಳು. ತುಟಿಯಿಂದ ಉರುಳಿಸಿದಳು. ನುಂಗಿದಳು.

ಮೇವಕ್ಕ ಮೂರು ಹೆಜ್ಜೆ ಆಚೆ ನಿಂತಿದ್ದಳು. “ಅಜ್ಜಾ, ಹುಲ್ಲು ಸಾಕಲ್ವಾ? ಹುಲ್ಲು ಕೊಡಿ. ಕಲಸಿದ್ದು ಬೇಡ,” ಎಂದಳು ಎರಡು ಸಲ.

“ನಿನ್ನ ತಪ್ಪಿಲ್ಲ ಅಂತ ತೋರಿಸ್ತಿದ್ದೀನಿ ಮಗಳೇ,” ಎಂದೆ. “ಟಬ್ಬು ಖಾಲಿಯಾದದ್ದು ಎಲ್ಲರ ಕಣ್ಣಿಗೂ ಬೀಳಲಿ.”

ಭಾವ ಬೆಚ್ಚಗಿನ ಟಬ್ಬು ತಂದ. ನಾನು ಅದನ್ನು ಎರಡು ಕೈಯಲ್ಲಿ ಹಿಡಿದೆ. ಇಬ್ಬನಿ ಕಿವಿ ಮುಂದೆ ಮಾಡಿ ಮೂಸಿ, ಮೂತಿ ಹುದುಗಿಸಿದಳು. ಹಸಿದ ಕುದುರೆಯ ದವಡೆಯ ಸದ್ದನ್ನು ಕೇಳಿದವರಿಗೇ ಗೊತ್ತು. ಆ ಸದ್ದು ನಿಲ್ಲಲೇ ಇಲ್ಲ. ಟಬ್ಬಿನ ತಳ ನೆಕ್ಕಿ, ನನ್ನ ಅಂಗಿಯ ತೋಳಿಗೆ ಮೂತಿ ಒರೆಸಿದಳು.

ಮನೆಯವಳು ಹೋದ ಮೇಲೆ ತಟ್ಟೆಯ ಮುಂದೆ ಕೂತು ಎದ್ದುಬಿಡುವುದೇ ನನಗೆ ರೂಢಿಯಾಗಿದೆ. ಈ ಏಳು ತಿಂಗಳಲ್ಲಿ, ಒಂದು ಜೀವ ಹೊಟ್ಟೆ ತುಂಬ ತಿನ್ನುವುದನ್ನು ನೋಡಿ ಸಂತೋಷಪಟ್ಟದ್ದು ಅದೇ ಮೊದಲು. ಒಂದು ತಪ್ಪು ತಿದ್ದಲು ಇಷ್ಟು ಬೇಗ ದಾರಿ ತೋರಿಸಿದೆಯಲ್ಲ ಸ್ವಾಮಿ ಎಂದು ಮನಸ್ಸಿನಲ್ಲೇ ಕೈಮುಗಿದೆ.

ವಿಶ್ರಾಂತಿಯ ಗಡುವು ಮುಗಿಯುವ ಮೊದಲು ಡಾಕ್ಟರಮ್ಮ ಸ್ಟೆತಸ್ಕೋಪನ್ನು ಪಕ್ಕೆಗಿಟ್ಟು ಕೇಳಿದಳು. “ಗುಡುಗಿದ ಹಾಗೆ ಕೇಳಿಸ್ತಿದೆ ಸರ್!” ಎಂದಳು. ಗುಬ್ಬಿಯೇ ಹಗ್ಗ ಹಿಡಿದು ಇಬ್ಬನಿಯನ್ನು ಓಡಿಸಿದಳು. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ತೂಗಿಟ್ಟ ಹಾಗೆ ಸಮ.

“ನೋಡಿ, ಹೊಟ್ಟೆಗೆ ಬಿದ್ದ ಮೇಲೆ ಕಾಲೂ ಬಂತು,” ಎಂದಳು ಡಾಕ್ಟರಮ್ಮ. ಖಾಲಿ ಚೌಕದಲ್ಲಿ ‘ಉತ್ತಮ’ ಎಂದು ಬರೆದು ಅಡಿಗೆರೆ ಎಳೆದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವನೂ ತಟ್ಟಿದ. ಗುಬ್ಬಿ ನನ್ನ ಕಾಲು ಮುಟ್ಟಿ, ಕುದುರೆಯೇರಿ, ಧೂಳೆಬ್ಬಿಸಿಕೊಂಡು ಹೊರಟಳು. ಭಾವ ಮುಂದಿನ ಶಿಬಿರಕ್ಕೆಂದು ವ್ಯಾನು ಹತ್ತಿ ಹೋದ. ಹೋಗುವಾಗ ನನ್ನ ಕಡೆ ಕೈ ಬೀಸಿದ, ಹಳೆಯ ಸ್ನೇಹಿತನಿಗೆ ಬೀಸುವಂತೆ.

*

ಮೇವಕ್ಕ ಖಾಲಿ ಟಬ್ಬಿನ ಪಕ್ಕ ನೆಲದ ಮೇಲೆ ಕೂತಿದ್ದಳು.

“ಏಳು ತಾಯಿ,” ಎಂದೆ. “ನಿನ್ನ ಬಿಲ್ಲೆ ನಿನ್ನ ಕೊರಳಲ್ಲೇ ಉಳೀತು. ಕಳೆದ ವರ್ಷದ ಪತ್ರವನ್ನೂ ನಾನು ಹರಿದು ಹಾಕಿಸ್ತೀನಿ. ಆ ಸ್ಪಂಜಿಗೆ ಕಹಿ ಹಚ್ಚಿದವನ ಕೈಗೆ...”

“ನಾನೇ ಹಚ್ಚಿದ್ದು.”

“ಏನು?” ಎಂದೆ.

“ಕಹಿ ಹಚ್ಚಿದ್ದು ನಾನೇ ಅಜ್ಜಾ. ನಿನ್ನೆ ಸಂಜೆಯಿಂದ. ಭಾವನ ಡಬ್ಬಿಯಿಂದ ಕದ್ದು.”

“ನಿನಗೆ ಬುದ್ಧಿ ಇದೆಯಾ? ಅದು ಉಪವಾಸ ಬಿದ್ದರೆ ನಿನ್ನ ಬಿಲ್ಲೆ...”

“ಬಿಲ್ಲೆ ಹೋದ್ರೆ ಹೋಗ್ಲಿ ಅಂತಾನೇ ಹಚ್ಚಿದ್ದು!” ಅವಳು ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ; ಬೆಂಕಿ ಇತ್ತು. “ನಿನ್ನೆ ಬೆಳಗ್ಗೆ ಮೇವು ಇಡೋಕೆ ಮುಂಚೆ ನೋಡ್ದೆ. ಮುಂದಿನ ಎಡಗಾಲು ನೆಲಕ್ಕೆ ಊರ್ತಿರಲಿಲ್ಲ. ಭಾವನ ವ್ಯಾನಿಂದ ಕಲಸಿದ್ದು ಬಂತು. ತಿಂದ್ಲು. ಒಂದು ಗಂಟೇಲಿ ಕುಂಟು ಮಾಯ. ಹೊಟ್ಟೆ ತುಂಬಿದ್ರೆ ಕಾಲು ನೋವು ಹೋಗುತ್ತಾ ಅಜ್ಜಾ? ನೀವು ಓದಿದೋರು, ಹೇಳಿ.”

ನನ್ನ ನಾಲಗೆಯ ಮೇಲೆ ಆ ಕಹಿ ಇನ್ನೂ ಇತ್ತು.

“ನೋವು ತಿಳೀದೇ ಇರೋಕೆ ಭಾವ ಏನೋ ಬೆರೆಸ್ತಾನೆ. ಕಾಡಿಗೆಗೂ ಬೆರೆಸಿದ್ದ. ಕಾಲು ಬಿರುಕು ಬಿಟ್ಟಿದ್ದು ಕಾಡಿಗೆಗೆ ಗೊತ್ತೇ ಆಗಲಿಲ್ಲ. ಗೊತ್ತಾಗಿದ್ರೆ ನಿಲ್ತಿತ್ತು. ಪಾಪ, ಕುಣ್ಕೊಂಡು ಇಳೀತು ಇಳಿಜಾರನ್ನ.”

“ಇದನ್ನ ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ದೆ!” ಎಂದು ಕೂಗಿದಳು. “ಕಳೆದ ವರ್ಷ ನೀವು ಮೂರು ಜನ ಮೇಜಿನ ಆ ಕಡೆ ಕೂತಿದ್ರಿ. ಕಾಡಿಗೆ ಎಷ್ಟು ತಿಂತು ಅಂತ ಕೇಳಿದ್ರಿ. ಪೂರ್ತಿ ಟಬ್ಬು ಅಂದೆ. ತಿಂದಿದ್ರೆ ಬೀಳ್ತಿರಲಿಲ್ಲ, ಸುಳ್ಳು ಹೇಳ್ತೀಯ ಅಂದ್ರಿ. ಎಷ್ಟು ತಿಂತು ಅಂತ ಮೂರು ಸಲ ಕೇಳಿದ್ರಿ. ಟಬ್ಬಲ್ಲಿ ಏನಿತ್ತು ಅಂತ ಒಂದು ಸಲ ಕೇಳಲಿಲ್ಲ. ನಾನಾಗೇ ಹೇಳೋಕೆ ಬಾಯಿ ತೆರೆದ್ರೆ, ಸಾಕು ಹೋಗು ಅಂತ ಎಬ್ಬಿಸಿದ್ರಿ. ಆ ಎಚ್ಚರಿಕೆ ಪತ್ರ ಇಟ್ಕೊಂಡೋಳ ಮಾತನ್ನ ಈ ಸಲ ಯಾರು ನಂಬ್ತಿದ್ರು?”

ಆ ಮೇಜಿನ ಹಿಂದೆ ಕೂತು ಸಹಿ ಹಾಕಿದವನು ನಾನು.

“ಆ ಮೇವನ್ನ ಚೆಲ್ಲಿಬಿಡಬಹುದಿತ್ತು. ಚೆಲ್ಲಿದ್ರೆ ಟಬ್ಬು ಖಾಲಿ; ತಿಂದ್ಲು ಅಂತ ಬರೀತಿದ್ರಿ, ಮುಂದೆ ಕಳಿಸ್ತಿದ್ರಿ. ಕುದುರೆ ಮೇವು ಬಿಟ್ರೆ ಮಾತ್ರ ನೀವೆಲ್ಲ ಹೆದರ್ತೀರಿ. ಅದೊಂದೇ ದಾರಿ ಇತ್ತು. ಮೂರು ‘ಇಲ್ಲ’ ಬಿದ್ದಿದ್ರೆ ಇಬ್ಬನಿ ಇವತ್ತು ಮನೆಗೆ ಹೋಗ್ತಿದ್ಲು. ಹಸಿವಾಗದೇ ಇರ್ಲಿ ಅಂತ ದಾರೀಲಿ ಹುಲ್ಲು ಮೇಯಿಸೋಕೆ ಗುಬ್ಬಿಗೆ ಹೇಳಿದ್ದೆ. ಔಷಧಿ ಇಳಿದು ಮಧ್ಯಾಹ್ನಕ್ಕೆ ಕುಂಟೂ ಕಾಣ್ತಿತ್ತು. ನೀವು ನೋಡಿದ್ರಲ್ಲ?”

ನೋಡಿದ್ದೆ. ಹೊಟ್ಟೆಗಿಲ್ಲದೆ ಕಾಲು ಸೋತಿದೆ ಎಂದುಕೊಂಡಿದ್ದೆ. ಓದಿದವನು. ನಲವತ್ತು ವರ್ಷ ಕುದುರೆಗಳ ಕಾಲು ಹಿಡಿದವನು!

“ನಾನು ಬೇಡ ಅಂದೆ ಅಜ್ಜಾ. ಭಾವ ಪಕ್ಕದಲ್ಲೇ ನಿಂತಿದ್ದ, ಅದಕ್ಕಿಂತ ಜಾಸ್ತಿ ಹೇಗೆ ಹೇಳ್ಲಿ? ಎರಡು ಪಾಲು ಕಲಸಿದ್ದು. ನಿಮ್ಮ ಕೈಯಾರೆ ತಿನ್ನಿಸಿದ್ರಿ.”

ನಾನು ಓಡಿದೆ. ಮೊಣಕಾಲಿನ ಪಟ್ಟಿ ಕಳಚಿ ಬಿದ್ದದ್ದೂ ತಿಳಿಯಲಿಲ್ಲ. ಡಾಕ್ಟರಮ್ಮನ ಮೇಜಿನ ಮೇಲಿದ್ದ ವೈರ್‌ಲೆಸ್ಸನ್ನು ಕಿತ್ತುಕೊಂಡು, ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಎಲ್ಲವನ್ನೂ ಒತ್ತಿದೆ. ಸವಾರಿ ದಾರಿಯ ಮೊದಲ ಕಾವಲು ಚೌಕಿಯವನ ದನಿ ಬಂತು.

“ಬೂದು ಕುದುರೆ! ನಿಲ್ಲಿಸು ಅದನ್ನ! ಗುಬ್ಬೀನ ಕೆಳಗಿಳಿಸು!”

ಗರಗರ ಸದ್ದು. ಆಮೇಲೆ ಒಂದು ನಗು.

“ಯಾರು, ಡಾಕ್ಟ್ರಜ್ಜಾನಾ? ಅದೇನು ತಿನ್ನಿಸಿ ಕಳಿಸಿದ್ರಿ? ಮೂರು ದಿನದಲ್ಲಿ ಯಾವ ಕುದುರೇನೂ ಹೀಗೆ ಹಾರ್ಕೊಂಡು ಹೋಗಿದ್ದು ನೋಡಿಲ್ಲ. ಈಗ ತಾನೇ ಇಳಿಜಾರಿಗೆ ಇಳೀತು.”